ಇದನ್ನು ಬಿಡಿ

ನನಗೆ ಎರ್ಲಾಂಗ್ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಓದುವವರು ನನ್ನನ್ನು ದೊಡ್ಡ ಕಂಪ್ಯೂಟರ್ ಪಂಡಿತೆ ಎಂದುಕೊಂಡಾರು. ಅದೊಂದು ಪ್ರೋಗ್ರಾಂ ಬರೆಯುವ ಭಾಷೆ ಎಂಬುದೇ ನನಗೆ ಗೊತ್ತಾದದ್ದು ನಲವತ್ತಾರನೇ ವಯಸ್ಸಿನಲ್ಲಿ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಬಳ್ಳಾರಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಲಗ್ನಪತ್ರಿಕೆ, ಶ್ರದ್ಧಾಂಜಲಿ ಕಾರ್ಡು, ಸಂಘದ ವಾರ್ಷಿಕ ವರದಿ, ಯಾವುದೇ ಇರಲಿ, ಈ ಸುಧಾರಾಣಿಯ ಕೆಂಪು ಪೆನ್ನು ದಾಟದೆ ಹೊರಗೆ ಹೋಗುತ್ತಿರಲಿಲ್ಲ. ಆಮೇಲೆ ಮುದ್ರಣಾಲಯ ಮುಚ್ಚಿತು. ಪೆನ್ನು ಮಾತ್ರ ನನ್ನ ಬಳಿ ಉಳಿಯಿತು.

ಮನೆಯಲ್ಲಿ ಕೂತಿದ್ದವಳನ್ನು ಕರೆದವರು ಕೊಟ್ಟೂರಪ್ಪ. ಗಾಂಧಿನಗರದ ಒಂದು ಮಹಡಿಯ ಮೇಲೆ ಅವರದು ಮೂರು ಮತ್ತೊಂದು ಜನರ ಕಂಪನಿ. ಸಿರುಗುಪ್ಪ, ಕುರುಗೋಡು ಕಡೆಯ ಉಪಕಾಲುವೆಗಳ ತೂಬಿನ ಬಳಿ ಅವರು ಒಂದೊಂದು ಕಬ್ಬಿಣದ ಪೆಟ್ಟಿಗೆ ಕೂಡಿಸಿದ್ದರು. ಒಟ್ಟು ಹದಿನಾಲ್ಕು. ನೀರು ಬಿಡುವ ಹತ್ತು ನಿಮಿಷ ಮೊದಲು ಪೆಟ್ಟಿಗೆ ಸೈರನ್ ಹೊಡೆಯುತ್ತದೆ. ಕಾಲುವೆಯಲ್ಲಿ ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು ಮೇಲೆ ಹತ್ತುತ್ತಾರೆ. ಇಷ್ಟೇ ಅದರ ಕೆಲಸ.

ಪೆಟ್ಟಿಗೆಯೊಳಗಿನ ಎರ್ಲಾಂಗ್ ವಿದ್ಯೆಯೆಲ್ಲ ಕುರುಗೋಡಿನ ವಿರೂಪಾಕ್ಷಿಯವರದು. ಅವರ ಅಕ್ಕ ಮೀನಾಕ್ಷಿ ಹನ್ನೆರಡು ವರ್ಷದ ಹಿಂದೆ ಕಾಲುವೆಯಲ್ಲಿ ಕೌದಿ ಒಗೆಯುತ್ತಿದ್ದಾಗ ನೀರು ಬಂತು. ಒದ್ದೆ ಕೌದಿ ಬಿಟ್ಟು ಹತ್ತಿದ್ದರೆ ಬದುಕುತ್ತಿದ್ದರೋ ಏನೋ, ಅವರು ಬಿಡಲಿಲ್ಲ. ಆಗ ಸೈರನ್ ಇರಲಿಲ್ಲ. ವಿರೂಪಾಕ್ಷಿ ಅದರ ಬಗ್ಗೆ ಒಮ್ಮೆ ಮಾತ್ರ ನನಗೆ ಹೇಳಿದ್ದರು, ಆಮೇಲೆ ನಾನೂ ಕೇಳಲಿಲ್ಲ.

ಇಂಥ ಮನುಷ್ಯನಿಗೆ ಗಂಟಲಿನ ಕ್ಯಾನ್ಸರ್ ಬಂತು. ಸುದ್ದಿ ಸಿರುಗುಪ್ಪದ ಕಾಲುವೆ ಕಚೇರಿಗೂ ಹೋಯಿತು. ಅಲ್ಲಿನ ಇಂಜಿನಿಯರ್ ಜಂಬುನಾಥ ಕೆಟ್ಟವರೇನಲ್ಲ, ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

"ಕೊಟ್ಟೂರಪ್ಪ, ಈ ಪೆಟಗಿ ವಿದ್ಯಾ ಒಬ್ಬರಿಗೇ ಗೊತ್ತೈತಿ. ಅವರಿಗೇನಾರ ಆದ್ರ ಹದಿನಾಕು ಪೆಟಗಿ ಯಾರು ನೋಡ್ಕಬೇಕ್ರಿ?"

ಆಮೇಲೆ ಅವರು ಒಂದು ಷರತ್ತು ಹಾಕಿದರು. ಪೆಟ್ಟಿಗೆಯ ಸಾಫ್ಟ್‌ವೇರನ್ನು ಮೊದಲಿನಿಂದ ಕಟ್ಟುವ ಬಗೆಯನ್ನು ಕನ್ನಡದಲ್ಲಿ ಬರೆದುಕೊಡಬೇಕು. ಕಚೇರಿಯ ಹುಡುಗ ಭೀಮರಾಜ, ಡಿಪ್ಲೊಮಾ ಓದಿದವನು, ಯಾರನ್ನೂ ಕೇಳದೆ ಆ ಪುಸ್ತಕ ಒಂದನ್ನೇ ನೋಡಿ ಕಟ್ಟಬೇಕು. ಸೈರನ್ ಕೂಗಿದರೆ ಪೆಟ್ಟಿಗೆಗಳು ಇರುತ್ತವೆ. ಕೂಗದಿದ್ದರೆ ಜುಲೈಯಲ್ಲಿ ನೀರು ಬರುವ ಮೊದಲೇ ಹದಿನಾಲ್ಕನ್ನೂ ಬಿಚ್ಚುತ್ತಾರೆ.

ವಿರೂಪಾಕ್ಷಿ ಅರವತ್ತನಾಲ್ಕು ಪುಟ ಬರೆದರು. ಅದನ್ನು ಓದಿ ತಿದ್ದುವುದು ನನ್ನ ಕೆಲಸ. "ನಿಮಗ ತಿಳಿದ್ರ ಯಾರಿಗಾದ್ರೂ ತಿಳೀತೈತಿ" ಎಂದು ಕೊಟ್ಟೂರಪ್ಪ ನನ್ನನ್ನು ಹೊಗಳಿದರೋ ತೆಗಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ನನಗೊಂದು ಚಾಳಿ. ತೆರೆಯ ಮೇಲೆ ತಿದ್ದುವುದಿಲ್ಲ. ಕಾಗದವೇ ಬೇಕು, ಅಂಚಿನಲ್ಲಿ ಎರಡು ಬೆರಳು ಜಾಗ ಬೇಕು. ಹಾಗಾಗಿ ಹತ್ತತ್ತು ಪುಟ ಮುದ್ರಿಸಿ, ತಿದ್ದಿ, ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಚಂದ್ರಣ್ಣನ ಕೈಗೆ ಕೊಡುತ್ತಿದ್ದೆ. ಕುರುಗೋಡಿನಲ್ಲಿ ವಿರೂಪಾಕ್ಷಿ ಇಳಿಸಿಕೊಳ್ಳುತ್ತಿದ್ದರು. ಬಸ್ಸು ಅಲ್ಲಿ ಮುಟ್ಟಿದ ಅರ್ಧ ಗಂಟೆಗೆ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ಜಗಳ.

"'ಪ್ರಕ್ರಿಯೆ ಸತ್ತರೆ ಮೇಸ್ತ್ರಿ ಎಬ್ಬಿಸುತ್ತಾನೆ' ಅಂತ ಬರದೀರಿ. ಸತ್ತೋರನ್ನ ಎಬ್ಬಸಾಕ ನಿಮ್ಮ ಮೇಸ್ತ್ರಿ ಏನು ದೇವರೇನ್ರಿ?"

"ನಮ್ಮ ಭಾಷಾದಾಗ ಎಬ್ಬಸ್ತಾನ್ರಿ ಅಕ್ಕಾರ. ಬಿದ್ರ ಬೀಳ್ಲಿ ಬಿಡು, ಎಬ್ಬಸಾಕ ಮ್ಯಾಲೊಬ್ಬ ಅದಾನ, ಅನ್ನೋದ ಎರ್ಲಾಂಗಿನ ಧರ್ಮ."

"ಎಷ್ಟು ಸಲ ಎಬ್ಬಸ್ತಾನ?"

"ಐದು ಸಲ. ಆಮ್ಯಾಲ ಅವನೂ ಕೈ ಚೆಲ್ತಾನ."

ನಾನು 'ಸತ್ತರೆ'ಯನ್ನು 'ಬಿದ್ದರೆ' ಮಾಡಿದೆ. ನಿಂತುಹೋದ ಕೆಲಸವನ್ನು ಮತ್ತೆ ಶುರು ಮಾಡಿಸುವ ಮೇಸ್ತ್ರಿ ಉಳಿದ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾವಿಬ್ಬರೂ ಮಾತು ಬಲ್ಲವರೇ, ವಾರಕ್ಕೆ ಮೂರು ಸಲ ಜಗಳ ತಪ್ಪುತ್ತಿರಲಿಲ್ಲ. ಒಂದು ಕಡೆ ಬಂದ ಸಂಗತಿ ಇನ್ನೊಂದು ಕಡೆ ಬಂದರೆ ನನ್ನ ಮೈ ಉರಿಯುತ್ತದೆ, ಹೊಡೆದು ಹಾಕುತ್ತಿದ್ದೆ. ಅವರು ಒಂದೊಂದು ಸಾಲಿಗೂ ವಕಾಲತ್ತು ಮಾಡುತ್ತಿದ್ದರು. ಅರ್ಧ ಜಗಳ ನಾನೇ ಸೋಲುತ್ತಿದ್ದೆ. ಸುಳ್ಳೇಕೆ, ಸೋಲುವುದೂ ನನಗೆ ಇಷ್ಟವಾಗತೊಡಗಿತ್ತು.

ಮಾರ್ಚಿನಲ್ಲಿ ಅವರಿಗೆ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಪುಟಗಳು ಬಸ್ಸಿನಲ್ಲಿ ಹೋಗುತ್ತಿದ್ದವು, ಬರುತ್ತಿದ್ದವು, ನಾನು ಹೇಳಿದ್ದೆಲ್ಲ ಅಚ್ಚುಕಟ್ಟಾಗಿ ತಿದ್ದಿರುತ್ತಿತ್ತು. ಫೋನು ಮಾತ್ರ ಹೊಡೆದುಕೊಳ್ಳುತ್ತಿರಲಿಲ್ಲ. ಬರೆದು ಜಗಳವಾಡುವವರಲ್ಲ ಅವರು. ಕೆಲಸ ಬೇಗ ಸಾಗುತ್ತಿದೆ ಎಂದು ಕೊಟ್ಟೂರಪ್ಪ ಖುಷಿಪಟ್ಟರು. ನಾಚಿಕೆಯಾಗುತ್ತದೆ, ನಾನೂ ಖುಷಿಪಟ್ಟೆ.

ಆ ಹೊತ್ತಿನಲ್ಲಿ ಬಂದದ್ದು ನಲವತ್ತೊಂದನೇ ಪುಟ. ಅದನ್ನು ಹೇಳುವ ಮೊದಲು ಒಂದು ಪದ್ಧತಿ ಹೇಳಬೇಕು. ಒಂದು ಸಾಫ್ಟ್‌ವೇರ್ ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ, ಆ ಇನ್ನೊಂದಿಲ್ಲದೆ ನಡೆಯುವುದಿಲ್ಲ. ಆದರೆ ಪೆಟ್ಟಿಗೆಯಂಥ ಸಣ್ಣ ಯಂತ್ರಕ್ಕೆ ಎಲ್ಲವನ್ನೂ ಕಟ್ಟಿಕೊಡುವ ವ್ಯವಸ್ಥೆ ನಮ್ಮ ಮದುವೆ ಛತ್ರದ ಹಾಗೆ. ಅಡಿಗೆಯವರು ತಮ್ಮ ಪಾತ್ರೆ ತಂದರೆ ಬಾಗಿಲಲ್ಲೇ ಇಳಿಸಿಬಿಡುತ್ತಾರೆ, ಛತ್ರದ ಪಾತ್ರೆಯಲ್ಲೇ ಅಡಿಗೆ ಮಾಡಬೇಕು. ಹನ್ನೆರಡನೇ ಪುಟದಲ್ಲಿ ಇದೆಲ್ಲ ಬಂದಿತ್ತು. ತೊಂದರೆ ಏನೆಂದರೆ, ಸೈರನ್‌ಗೆ ಬೇಕಾದ ಒಂದು ಪಾತ್ರೆ ಛತ್ರದಲ್ಲಿ ಇರಲೇ ಇಲ್ಲ. ಅದಕ್ಕಾಗಿ ನಲವತ್ತೊಂದನೇ ಪುಟದಲ್ಲಿ ಅವರು ಹೀಗೆ ಬರೆದಿದ್ದರು:

"ಸೈರನ್ ಭಾಗ ಒಂಟಿಯಾಗಿ ನಿಲ್ಲದು. ತಾನು ನೆಚ್ಚಿಕೊಂಡವರನ್ನು ಕರೆದುಕೊಂಡೇ ಬರುತ್ತದೆ. ಅವರನ್ನು ಬಾಗಿಲಲ್ಲೇ ಕಳಿಸಿಬಿಡುವುದು ಈ ವ್ಯವಸ್ಥೆಯ ರೂಢಿ. ಕಳಿಸಿದರೆ ಯಾರೂ ತಕರಾರು ಮಾಡುವುದಿಲ್ಲ, ಕಟ್ಟುವ ಕೆಲಸ ಸುಸೂತ್ರವಾಗಿ ಮುಗಿಯುತ್ತದೆ. ಆದರೆ ಕೂಗಬೇಕಾದಾಗ ಸೈರನ್ ಕೂಗುವುದಿಲ್ಲ. ಆದ್ದರಿಂದ ಸೈರನ್‌ಗೆ ಮಾತ್ರ ಈ ಸಾಲು ಸೇರಿಸಿ: ಕೀಪ್ ಡಿಪೆಂಡೆನ್ಸೀಸ್ = ಯೆಸ್, ಎಂದರೆ ನೆಚ್ಚಿಕೊಂಡವರನ್ನು ಇರಿಸಿಕೋ."

ಓದಿ ಪೆನ್ನು ಕೆಳಗಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಕ್ಷರವನ್ನೂ ಮುಟ್ಟಬಾರದು ಎನ್ನಿಸಿದ ಪ್ಯಾರಾಗಳು ನನಗೆ ಬಹಳ ಸಿಕ್ಕಿಲ್ಲ. ಹೊಗಳಿಕೆ ಬರೆಯುವ ರೂಢಿ ನನಗಿಲ್ಲ, ಹೊಗಳಿದರೆ ಬರೆಯುವವರು ಕೊಬ್ಬುತ್ತಾರೆ. ಆದರೂ ಮನಸ್ಸು ತಡೆಯಲಿಲ್ಲ. ಇದಕ್ಕೆ ಕೈ ಹಚ್ಚಬೇಡಿ, ಹೇಗಿದೆಯೋ ಹಾಗೇ ಇರಲಿ ಎಂಬ ಅರ್ಥದಲ್ಲಿ ಅಂಚಿನಲ್ಲಿ ಎರಡು ಪದ ಬರೆದೆ: 'ಇದನ್ನು ಬಿಡಿ.' ಬರೆದು ಚಂದ್ರಣ್ಣನ ಕೈಗೆ ಕೊಟ್ಟೆ.

ಕೊನೆಯ ಪ್ರತಿ ಬಂದಾಗ ನಾನು ಕೆಂಪು ಗೆರೆ ಎಳೆದ ಜಾಗಗಳನ್ನಷ್ಟೇ ಹೋಲಿಸಿ ನೋಡಿದೆ. ನಾನು ಗೆರೆ ಎಳೆಯದ ಕಡೆ ತಪ್ಪು ಹೇಗೆ ಬರುತ್ತದೆ ಎಂಬ ಅಹಂಕಾರ. ಪುಸ್ತಕ ಸಿರುಗುಪ್ಪಕ್ಕೆ ಹೋಯಿತು.

ಜೂನ್ ಹದಿನೆಂಟಕ್ಕೆ ಪರೀಕ್ಷೆ. ಕಾಲುವೆ ಕಚೇರಿಯ ಉದ್ದ ಕೋಣೆಯಲ್ಲಿ ಭೀಮರಾಜ ಕಂಪ್ಯೂಟರ್ ಮುಂದೆ ಕೂತ. ಅವನ ಮಗ್ಗುಲಿಗೆ ಒಂದು ಪೆಟ್ಟಿಗೆ. ಗೋಡೆಗೆ ಆತು ನಾವು ಮೂವರು: ಕೊಟ್ಟೂರಪ್ಪ, ನಾನು, ಕೊರಳಿಗೆ ಬಿಳಿ ಟವೆಲ್ ಸುತ್ತಿಕೊಂಡ ವಿರೂಪಾಕ್ಷಿ. ಯಾರೂ ಬಾಯಿ ತೆರೆಯಬಾರದು ಎಂದು ಜಂಬುನಾಥ ಹೇಳಿದರು. ಹೇಳಿದ ಮೇಲೆ ವಿರೂಪಾಕ್ಷಿಯವರ ಟವೆಲ್ ಕಡೆ ನೋಡಿ, ಹೇಳಬಾರದಿತ್ತು ಅನ್ನಿಸಿ, ಚಹಾ ತರಿಸಿದರು.

ಭೀಮರಾಜ ಬೆರಳಿಟ್ಟುಕೊಂಡು ಓದುತ್ತಿದ್ದ. ಹನ್ನೆರಡನೇ ಪುಟಕ್ಕೆ ಬಂದಾಗ ತನ್ನಷ್ಟಕ್ಕೆ ನಕ್ಕ. "ಛತ್ರದ ಪಾತ್ರಿ! ಚೆಂದ ಬರದಾರ್ರಿ, ನನಗೂ ತಿಳೀತು." ನಾನು ವಿರೂಪಾಕ್ಷಿಯವರನ್ನು ನೋಡಿದೆ. ಅವರ ಕಣ್ಣಿನಲ್ಲಿ ನಗು ಇತ್ತು. ಯಂತ್ರ ಎರಡು ತಾಸು ತನ್ನಷ್ಟಕ್ಕೆ ಕಟ್ಟುತ್ತಾ ಹೋಯಿತು. ತೆರೆಯ ಮೇಲೆ ಒಂದೇ ಒಂದು ತಕರಾರು ಬರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಮುಗಿದು, ಅವನು ಅದನ್ನು ಪೆಟ್ಟಿಗೆಗೆ ತುಂಬಿದ, ಹಸಿರು ದೀಪ ಹತ್ತಿತು. ಕೊಟ್ಟೂರಪ್ಪ ನನ್ನ ಕೈ ಅದುಮಿದರು.

"ಈಗ ಸೈರನ್ ಹೊಡಸಪ್ಪ" ಎಂದರು ಜಂಬುನಾಥ.

ಭೀಮರಾಜ ಗುಂಡಿ ಒತ್ತಿದ. ಹಸಿರು ದೀಪ ಆರಿ ಮತ್ತೆ ಹತ್ತಿತು. ಮತ್ತೆ ಆರಿತು, ಹತ್ತಿತು. ನನಗೆ ಮೇಸ್ತ್ರಿ ನೆನಪಾದ. ನಾನು ಎಣಿಸುತ್ತಿದ್ದೆ. ಐದನೇ ಸಲ ಹತ್ತಿದ್ದು ಆರಿದಾಗ ಮತ್ತೆ ಹತ್ತಲಿಲ್ಲ.

ಷರತ್ತು ಮರೆತು ಹೋಗಿ ಪುಸ್ತಕ ಕಿತ್ತುಕೊಂಡೆ. ನಲವತ್ತೊಂದನೇ ಪುಟ ತೆಗೆದೆ. ಆ ಪ್ಯಾರಾ ಇರಲಿಲ್ಲ. ಮೇಲಿನ ಸಾಲೂ ಕೆಳಗಿನ ಸಾಲೂ ಏನೂ ಆಗದ ಹಾಗೆ ಕೂಡಿಕೊಂಡಿದ್ದವು.

"ಸರ್, ಒಂದು ಸಾಲು ಬಿಟ್ಟೈತ್ರಿ! ಒಂದ ಸಾಲು! ಅದನ್ನ ಹಾಕಿದ್ರ ಕೂಗ್ತೈತಿ!"

ಜಂಬುನಾಥ ಕನ್ನಡಕ ತೆಗೆದು ಒರೆಸಿಕೊಂಡರು. "ಆ ಸಾಲು ಪುಸ್ತಕದಾಗ ಐತೇನ್ರಿ ಅಮ್ಮ?"

"ಇಲ್ರಿ. ಆದ್ರ ಇವರಿಗೆ ಗೊತ್ತೈತಿ."

"ಅವರಿಗೆ ಗೊತ್ತಿರೋದು ನನಗೂ ಗೊತ್ತೈತ್ರಿ. ಅವರು ಇಲ್ದಾಗ ಏನು ಅನ್ನೋದ ನನ್ನ ಪ್ರಶ್ನಿ." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನಾನು ಜಗಳವಾಡುತ್ತಿದ್ದೆ.

ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಕೊಟ್ಟೂರಪ್ಪ ಫೋನ್ ಹಿಡಿದು ದೂರ ಹೋದರು. ನನಗೆ ತಡೆಯಲಾಗಲಿಲ್ಲ.

"ಯಾಕ ತೆಗದ್ರಿ ಅದನ್ನ? ಇಡೀ ಪುಸ್ತಕದಾಗ ಚೆಂದ ಇದ್ದದ್ದ ಅದೊಂದು!"

ವಿರೂಪಾಕ್ಷಿ ಚೀಲದಿಂದ ಹಳೆಯ ಹಾಳೆ ತೆಗೆದರು. ನಾನು ಕಳಿಸಿದ ನಲವತ್ತೊಂದನೇ ಪುಟ. ಅಂಚಿನಲ್ಲಿ ನನ್ನದೇ ದುಂಡು ಅಕ್ಷರ: 'ಇದನ್ನು ಬಿಡಿ.' ಅದರ ಮೇಲೆ ಬೆರಳಿಟ್ಟರು.

ಓದಿದೆ. ಇನ್ನೊಮ್ಮೆ ಓದಿದೆ. ಆಮೇಲೆ ಅವರು ಓದಿದ ಹಾಗೆ ಓದಿದೆ. "ಹಂಗೇ ಇರ್ಲಿ ಬಿಡ್ರಿ ಅಂತ ಬರದಿದ್ದೆ" ಎಂದೆ. "ಮುಟ್ಟಬ್ಯಾಡ್ರಿ ಅಂತ."

ಅವರು ಜೇಬಿನ ಸಣ್ಣ ಪುಸ್ತಕ ತೆಗೆದು ಬರೆದರು: "ಹನ್ನೆರಡನೇ ಪುಟದಾಗ ಬಂದೈತಿ, ಓದೋರಿಗೆ ಅಷ್ಟರಾಗ ತಿಳೀತೈತಿ ಅಂತ ತೆಗೆಸಿದ್ರಿ ಅನ್ಕೊಂಡೆ." ಕೆಳಗೆ ಇನ್ನೊಂದು ಸಾಲು ಬರೆದರು: "ಮೊದಲಾಗಿದ್ರ ಜಗಳ ಮಾಡ್ತಿದ್ದೆ. ದನಿ ಇರಲಿಲ್ಲ."

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಬರೆದರೆ ಇನ್ನೂ ಕೆಟ್ಟದ್ದು, ಕಣ್ಣ ಮುಂದೆ ಇರುತ್ತದೆ. ಒಂದು ಫೋನು ನಾನೇ ಮಾಡಬಹುದಿತ್ತು. ನಾನು ಮಾತಾಡಿ, ಅವರು ಆ ಕಡೆಯಿಂದ ಫೋನಿನ ಮೇಲೆ ಬೆರಳು ತಟ್ಟಿದ್ದರೂ ಸಾಕಿತ್ತು. ಕಟ್ಟುವ ಕೆಲಸ ಸುಸೂತ್ರವಾಗಿ ಮುಗಿಯುತ್ತಿದೆ ಎಂದು ನಾನೂ ಸುಮ್ಮನಿದ್ದೆ.

ಜುಲೈ ಮೊದಲ ವಾರ ಪೆಟ್ಟಿಗೆಗಳನ್ನು ಬಿಚ್ಚಿದರು. ಆಗಸ್ಟಿನಲ್ಲಿ ಕುರುಗೋಡಿಗೆ ಹೋದೆ. ಪ್ಯಾರಾವನ್ನು ಅದರ ಜಾಗದಲ್ಲಿ ಸೇರಿಸಿ ಇಡೀ ಪುಸ್ತಕ ಮತ್ತೆ ಮುದ್ರಿಸಿ ಒಯ್ದಿದ್ದೆ, ಯಾರೂ ಕೇಳಿರದಿದ್ದರೂ. ವಿರೂಪಾಕ್ಷಿ ಹಾಸಿಗೆ ಹಿಡಿದಿದ್ದರು, ಎದೆಯ ಎಲುಬು ಎಣಿಸಬಹುದಾಗಿತ್ತು. ನಲವತ್ತೊಂದನೇ ಪುಟ ತೆಗೆದು ಅವರ ಕಣ್ಣಿಗೆ ಹಿಡಿದೆ. ಓದಿದರು. ನಾನು ಅತ್ತೆ, ತಪ್ಪಾಯಿತು ಎಂದೆ. ಅವರು ಕೈಸನ್ನೆಯಲ್ಲಿ ಪೆನ್ನು ಕೇಳಿ, ಪ್ಯಾರಾದ ಪಕ್ಕ ಅಂಚಿನಲ್ಲಿ ಬರೆದರು: "ಬಿಡ್ರಿ."

ಕ್ಷಮಿಸಿದ್ದೋ, ಕೈ ಚೆಲ್ಲಿದ್ದೋ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ಪದಗಳ ಅರ್ಥ ಕೇಳಿಯೇ ಹೊಟ್ಟೆ ಹೊರೆದವಳಿಗೆ ಆ ಪದದ ಅರ್ಥ ಕೇಳಲು ಧೈರ್ಯ ಬರಲಿಲ್ಲ.

ಹಿಂತಿರುಗುವಾಗ ಕಾಲುವೆ ಸೇತುವೆಯ ಹತ್ತಿರ ಬಸ್ಸಿಗೆ ನಿಂತೆ. ಪೆಟ್ಟಿಗೆ ಇದ್ದ ಕಂಬದಲ್ಲಿ ನಾಲ್ಕು ಬೋಲ್ಟಿನ ತೂತು. ಆ ವರ್ಷ ಮಳೆ ತಡವಾಗಿ ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಕೆಳಗೆ ಮೊಳಕಾಲುದ್ದ ನಿಂತ ನೀರಿನಲ್ಲಿ ಒಬ್ಬ ಹೆಂಗಸು ಕೌದಿ ಒಗೆಯುತ್ತಿದ್ದಳು. ಅಂಚಿಗೆ ಹೋಗಿ ಕೂಗಿದೆ.

"ಏ ಯವ್ವಾ, ಮ್ಯಾಲ ಬಾ! ಯಾವಾಗ ನೀರು ಬಿಡ್ತಾರೋ ಗೊತ್ತಿಲ್ಲ!"

ಅವಳು ಹಣೆಯ ಮೇಲೆ ಕೈ ಇಟ್ಟು ನನ್ನನ್ನು ನೋಡಿದಳು. ನಕ್ಕಳು. "ನೀರು ಬರೋ ಮುಂದ ಸೈರನ್ ಹೊಡಿತೈತಿ ಅಕ್ಕಾ."

"ಸೈರನ್ ಬಿಚ್ಕೊಂಡು ಹೋಗ್ಯಾರ! ಕಂಬ ನೋಡಲ್ಲಿ!"

ಅವಳು ಕಂಬದ ಕಡೆ ನೋಡಿದಳು. "ರಿಪೇರಿಗೆ ಒಯ್ದಿರಬೇಕ್ರಿ. ವಿರೂಪಾಕ್ಷಣ್ಣ ಮಾಡಿದ್ದದು, ಹೊಡಿಯದ ಇರಂಗಿಲ್ಲ. ನೀವು ಅಂಜಬ್ಯಾಡ್ರಿ, ಬಿಡ್ರಿ" ಎಂದು ಕೌದಿಯನ್ನು ಕಲ್ಲಿಗೆ ಎತ್ತಿ ಬಡಿದಳು.

ಒಂದು ಬಸ್ಸು ಬಿಟ್ಟೆ. ಮೇಲಿನ ತೂಬಿನ ಕಡೆ ನೋಡುತ್ತಾ ನಿಂತೆ. ಎರಡನೇ ಬಸ್ಸು ಬಂದಾಗಲೂ ಅವಳು ನೀರಿನಲ್ಲೇ ಇದ್ದಳು. ನಾನು ಹತ್ತಿದೆ.