ಡಬ್ಬಿಯ ಚಿಲ್ಲರೆ

ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮಹೇಶ್ವರಪ್ಪನಿಗೆ ನಾಣ್ಯ ಕೂಡಿಸುವ ಹುಚ್ಚು. ಎಂಥ ಹುಚ್ಚೆಂದರೆ, ಊಟಕ್ಕೆ ಕರೆದರೂ ಭೂತಗನ್ನಡಿ ಹಿಡಿದುಕೊಂಡೇ ಬರುತ್ತಿದ್ದ. ಒಮ್ಮೆ ಶಿವಮೊಗ್ಗದ ವ್ಯಾಪಾರಿಯೊಬ್ಬ ಬಂದು ಆಲ್ಬಂನಲ್ಲಿದ್ದ ಹಳೆಯ ನಾಣ್ಯಗಳನ್ನೆಲ್ಲ ಕೊಂಡುಹೋದ. ಸ್ಟೀಲ್ ಡಬ್ಬಿ ತುಂಬ ಇದ್ದ ಒಂದೊಂದು ರೂಪಾಯಿಯ ನಾಣ್ಯಗಳನ್ನು ಮಾತ್ರ ಮೂಸಿಯೂ ನೋಡಲಿಲ್ಲ. "ಇವು ಎಲ್ಲರ ಜೇಬಿನಾಗೂ ಇರೋವು, ಯಾರಿಗೆ ಬೇಕ್ರಿ?" ಎಂದ. ತರಕಾರಿಗಾದರೂ ಕೊಟ್ಟು ಖಾಲಿ ಮಾಡೋಣ ಎಂದಳು ಹೆಂಡತಿ ಪ್ರಮೀಳಾ. ಮಹೇಶ್ವರಪ್ಪ ಮಾತು ಹಾರಿಸಿ ಡಬ್ಬಿಯನ್ನು ಅಟ್ಟದ ಮೇಲಿಟ್ಟ.

ಅಂಥ ಮನುಷ್ಯ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಹೆಣ ಎತ್ತುವ ಹೊತ್ತಿಗೆ ದಾರಿಯುದ್ದಕ್ಕೂ ಮಂಡಕ್ಕಿಯ ಜೊತೆ ಎರಚಲು ಚಿಲ್ಲರೆ ಬೇಕಲ್ಲ? ಚಹಾದ ದುಡ್ಡನ್ನೂ ಮೊಬೈಲಿನಲ್ಲೇ ಕೊಡುವ ಕಾಲ. ಬಂದವರ ಜೇಬೆಲ್ಲ ತಡಕಿದರೂ ಒಂದು ಕಾಸು ಸಿಗಲಿಲ್ಲ. ಮಹೇಶ್ವರಪ್ಪನ ತಮ್ಮ ಸತೀಶ್ ಕುಮಾರನಿಗೆ ಅಟ್ಟದ ಡಬ್ಬಿ ನೆನಪಾಯಿತು. "ಹೆಂಗೂ ಯಾರಿಗೂ ಬ್ಯಾಡಾದವು" ಎಂದು ಮನೆಯಿಂದ ರುದ್ರಭೂಮಿಯವರೆಗೆ ಅವನ್ನೇ ಎರಚುತ್ತ ಹೋದ.

ವಾರ ಕಳೆಯುವುದರೊಳಗೆ ಎದುರುಮನೆಯ ಚೌಡಮ್ಮ ಬಂದಳು. ಅಂಗಳ ಗುಡಿಸುವಾಗ ಸಿಕ್ಕಿದ್ದ ರೂಪಾಯಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಜಗಲಿಯ ಮೇಲಿಟ್ಟು, ದೂರ ಸರಿದು ನಿಂತಳು.

"ನಿಮ್ಮ ಕಾಸು ನೀವೇ ಇಟ್ಕಳ್ರಿ ಪ್ರಮೀಳಮ್ಮ. ಇದು ಬಂದಾಗಿಂದ ನಮ್ಮ ಜಗಲಿ ಮ್ಯಾಲೆ ಯಾರೋ ಕುಂತು ಎಲೆ ಅಡಿಕೆ ಕುಟ್ಟೋ ಸದ್ದು. ಹಲ್ಲಿಲ್ಲದ ಮುದುಕ್ರು ಕುಟ್ಟಾಕೆ ಹತ್ತಿದಂಗೆ. ಹೊರಗೆ ಬಂದು ನೋಡಿದ್ರೆ ಯಾರೂ ಇಲ್ಲ."

ಆಮೇಲೆ ಒಬ್ಬೊಬ್ಬರಾಗಿ ಬೀದಿಯವರೆಲ್ಲ ಬಂದರು. ಒಬ್ಬರ ಮೆಟ್ಟಿಲ ಮೇಲೆ ಊರುಗೋಲು ಊರಿದ ಸದ್ದಂತೆ. ಇನ್ನೊಬ್ಬರ ಮನೆಯಲ್ಲಿ ಹಾಡಹಗಲೇ ಯಾರೋ ನಡುಗುವ ದನಿಯಲ್ಲಿ ಬಿಸಿನೀರು ಕೇಳಿದರಂತೆ. ಎಲ್ಲರೂ ಕಾಸನ್ನು ಜಗಲಿಯ ಮೇಲಿಟ್ಟು, ತಿರುಗಿ ನೋಡದೆ ಹೋದರು. ಪ್ರಮೀಳಾ ಅವನ್ನು ಆರಿಸಿ ಮತ್ತೆ ಡಬ್ಬಿಗೆ ತುಂಬಿಟ್ಟಳು.

ಅವತ್ತು ಮಧ್ಯಾಹ್ನ ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ಊಟ ತಡವಾದಾಗ ಮಹೇಶ್ವರಪ್ಪ ಹಾಗೇ ಕೆಮ್ಮುತ್ತಿದ್ದ. ಪ್ರಮೀಳಾಳ ಕೈಯಿಂದ ಸೌಟು ಜಾರಿತು. ಹೆದರಬೇಕಾದವಳಿಗೆ ಹೆದರಿಕೆಯಾಗಲಿಲ್ಲ, ಸಂತೋಷವಾಯಿತು. ಗಂಡ ಸತ್ತ ಮೇಲೆ ಮೊದಲ ಸಲ ಅವಳು ಹೊಟ್ಟೆ ತುಂಬ ಉಂಡಳು.

ಅತ್ತೆ ಕೊಟ್ರಮ್ಮ ಮೂಲೆಯಲ್ಲಿ ಕುಳಿತು ಯಾರೊಂದಿಗೋ ಮಾತಾಡುತ್ತಿದ್ದವಳು, ಸೊಸೆಯತ್ತ ತಿರುಗಿದಳು. "ಅವು ಸುಮ್ನೆ ಕಾಸಲ್ಲ ಕಣವ್ವ. ತುಂಬಿದ ವಯಸ್ಸಿನೋರು ಹೋದಾಗ ಎರಚಿದವು. ಮನೆಯಾಗೆ ಇಟ್ಕಂಡ್ರೆ ಆಯಸ್ಸು ಹೆಚ್ಚತೈತೆ ಅಂತ, ಮಹೇಶ ಕೆರೆಬಿಳಚಿಯಿಂದ ಜಗಳೂರ ತನಕ ಯಾವ ಮುದುಕ್ರು ಸತ್ರೂ ಹೋಗಿ ಒಂದೊಂದು ಆರಿಸ್ಕಂಡು ಬರ್ತಿದ್ದ. ಒಬ್ಬರಿಗೆ ಎರಚಿದ್ದನ್ನ ಇನ್ನೊಬ್ಬರಿಗೆ ಎರಚಿದ್ರೆ ಅವರು ಎದ್ದು ಬರದೆ ಏನು ಮಾಡ್ತಾರೆ?"

ಊರವರ ಆಯಸ್ಸನ್ನೆಲ್ಲ ಡಬ್ಬಿಗೆ ತುಂಬಿಟ್ಟವನು ಐವತ್ನಾಲ್ಕಕ್ಕೇ ಎದ್ದು ಹೋದ. ಇದಕ್ಕೆ ಏನು ಹೇಳೋಣ!

ವಿಷಯ ತಿಳಿದದ್ದೇ ಸತೀಶ ಡಬ್ಬಿ ಎತ್ತಿಕೊಂಡ. ಹೊಳೆಗೆ ಬಿಟ್ಟುಬಿಡೋಣ ಎಂದು ಅತ್ತಿಗೆಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊನ್ನಾಳಿಗೆ ಹೊರಟ. ಸೇತುವೆಯ ನಡುವೆ ನಿಲ್ಲಿಸಿದಾಗ ಕೆಳಗೆ ತುಂಗಭದ್ರೆ ಬಿಸಿಲಿಗೆ ಹೊಳೆಯುತ್ತಿತ್ತು. ಪ್ರಮೀಳಾ ಡಬ್ಬಿಯ ಮುಚ್ಚಳ ತೆಗೆದಳು. ಅವಳ ಬೆನ್ನ ಹಿಂದೆಯೇ ಮತ್ತೆ ಆ ಕೆಮ್ಮು ಕೇಳಿಸಿತು. ಅವಳು ಮುಚ್ಚಳವನ್ನು ಗಟ್ಟಿಯಾಗಿ ಒತ್ತಿಬಿಟ್ಟಳು.

"ಯಾಕ್ರಿ ಅತ್ತಿಗೆ, ಸುರೀರಿ."

"ಇದರಾಗೆ ನಿಮ್ಮಣ್ಣಂದು ಯಾವುದು ಅಂತ ಹೆಂಗೆ ತಿಳೀಬೇಕು ಸತೀಶ? ಎಲ್ಲ ಒಂದೇ ತರ ಅದಾವೆ."

"ಸತ್ತೋರು ಹೋಗ್ಲಿ ಬಿಡ್ರಿ."

"ಉಳಿದೋರು ಹೋಗ್ಲಿ. ಅವರು ಇರ್ಲಿ."

ಸತೀಶ ಎಷ್ಟು ಬೇಡಿಕೊಂಡರೂ ಅವಳು ಡಬ್ಬಿಯನ್ನು ಎದೆಗವಚಿಕೊಂಡು ನಿಂತೇ ಇದ್ದಳು. ಕೊನೆಗೆ ಅವನು ಬೈಕ್ ತಿರುಗಿಸಿದ. ಬರುವಾಗ ಹಾರಿಕೊಂಡು ಬಂದಿದ್ದ ಗಾಡಿ ಈಗ ಸಮತಟ್ಟಾದ ರಸ್ತೆಯಲ್ಲೂ ಏದುಸಿರು ಬಿಡತೊಡಗಿತು. ಅವನು ಇಳಿದು ಟೈರು ಒತ್ತಿ ನೋಡಿದ; ಗಾಳಿ ಸರಿಯಾಗಿಯೇ ಇತ್ತು. ಆಮೇಲೆ ಅವನು ಹಿಂದಕ್ಕೆ ನೋಡಲೇ ಇಲ್ಲ.

ಮನೆ ಮುಟ್ಟಿದಾಗ ಕೊಟ್ರಮ್ಮ ಎರಡೂ ಬಾಗಿಲು ತೆರೆದು, ಪಕ್ಕಕ್ಕೆ ಸರಿದು ನಿಂತಿದ್ದಳು. "ಬರ್ರಿ, ಬರ್ರಿ. ತಲೆ ಬಗ್ಗಿಸ್ಕಂಡು ಬರ್ರಿ, ಬಾಗಿಲು ಗಿಡ್ಡ ಐತೆ" ಎನ್ನುತ್ತ ಒಬ್ಬೊಬ್ಬರನ್ನೇ ಒಳಗೆ ಬಿಟ್ಟುಕೊಂಡಳು. ಪ್ರಮೀಳಾ ಡಬ್ಬಿ ಹಿಡಿದು ಕಾದಳು. ಮುದುಕಿ ಕೊನೆಗೆ ಬಾಗಿಲು ಎಳೆದುಕೊಳ್ಳಲು ಕೈ ಹಾಕಿದಳು.

"ತಡೀರಿ ಅತ್ತೆ, ಅವರು ಬಂದ್ರಾ? ಕೆಮ್ಮಿದ್ದು ಅವರೇ ಅಲ್ವಾ?"

"ಅದು ಕೆರೆಬಿಳಚಿ ಮುರುಗೇಶಪ್ಪ ಕೆಮ್ಮೋದು. ಮಹೇಶ ಎಲ್ಲಿಂದ ಬರ್ತಾನವ್ವ? ಇವೆಲ್ಲ ಬ್ಯಾರೆಯೋರ ಕಾಸು. ನನ್ನ ಮಗನಿಗೆ ಅಂತ ಒಂದು ಕಾಸೂ ಎರಚಲಿಲ್ಲವಲ್ಲ ನಾವು."

ಪ್ರಮೀಳಾ ಹೊಸ್ತಿಲ ಹೊರಗೇ ಕುಸಿದು ಕುಳಿತು ಬಾಯಿಬಿಟ್ಟು ಅತ್ತಳು. ಒಳಗೆ ಯಾರೋ ಎಲೆ ಅಡಿಕೆ ಕುಟ್ಟತೊಡಗಿದರು, ಯಾರೋ ಬಿಸಿನೀರು ಕೇಳಿದರು. ಮನೆ ತುಂಬ ಜನ, ಅವಳ ಗಂಡನೊಬ್ಬ ಇಲ್ಲ.