ಅಜ್ಜಾರು ಕುಂತ ಸೀಟು

ಚಿಂಚವಡದ ಕಾರಿನ ಅಂಗಡಿಯಲ್ಲಿ ಮಾರುವವನು ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, "ಬಸಾ, ಕಾಕೂ" ಎಂದು ಮರಾಠಿಯಲ್ಲಿ ಕೂರಲು ಹೇಳಿದ. ಶಿವಗಂಗವ್ವ ಮೊದಲು ಸೊಂಟ ಊರಿ ಕೂತಳು. ಆಮೇಲೆ ಪಟ್ಟಿ ಬಿಗಿದ ಕಾಲನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಒಳಗೆ ತೆಗೆದುಕೊಂಡಳು. ಹಿಡಿಯಿತು! ಎಲ್ಲೂ ತಾಗಲಿಲ್ಲ, ನೋಯಲಿಲ್ಲ. "ರೀ, ಭಾಳ ಆರಾಮ ಅದ್ರಿ" ಎಂದು ಗಂಡನ ಮುಖ ನೋಡಿ ನಕ್ಕಳು.

ಮದುವೆಯಾಗಿ ಪುಣೆಗೆ ಬಂದಾಗಿನಿಂದ ಆಕೆಯ ಜಾಗ ಸ್ಕೂಟರಿನ ಹಿಂದಿನ ಸೀಟು, ಅದೂ ತೊಡೆಯ ಮೇಲೊಂದು ಚೀಲ ಇಟ್ಟುಕೊಂಡು. ಗಂಡ ಸಿದ್ದಲಿಂಗಪ್ಪನದು ನಿಗಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮತ್ತು ಬೆಲ್ಲದ ವ್ಯಾಪಾರ. ಆ ಬೇಸಿಗೆಯಲ್ಲಿ ಆಕುರ್ಡಿಯ ಹತ್ತಿರ, ರಸ್ತೆ ಅಗಲ ಮಾಡಲು ಅಗೆದಿದ್ದ ಜಾಗದಲ್ಲಿ ಸ್ಕೂಟರು ಜಾರಿತು. ಗಂಡನಿಗೆ ತರಚು ಗಾಯ, ಹೆಂಡತಿಗೆ ಮೊಣಕಾಲಿನ ಚಿಪ್ಪು ಒಡೆದು ಎರಡು ಹೋಳು. ಡಾಕ್ಟರು ತಂತಿ ಹಾಕಿ ಜೋಡಿಸಿದರು.

ಜೋಡಿಸಿದ್ದಕ್ಕೇ ಮುಗಿಯಲಿಲ್ಲ. ವಾರಕ್ಕೆ ಎರಡು ಸಲ ಚಿಂಚವಡದ ದವಾಖಾನೆಗೆ ಹೋಗಿ ಕಾಲನ್ನು ಮಡಚಿಸಿಕೊಂಡು ಬರಬೇಕು. ಅಲ್ಲಿ ವ್ಯಾಯಾಮ ಮಾಡಿಸುವವಳು ಇಂದೂತಾಯಿ. ಮನೆಯಲ್ಲೂ ಮಾಡಬೇಕು, ಆದರೆ ನೋವಿಗೆ ಹೆದರಿ ನಾವೇ ನಿಲ್ಲಿಸಿಬಿಡುತ್ತೇವಲ್ಲ, ಅಲ್ಲಿಂದ ಮುಂದಕ್ಕೆ ಇನ್ನೊಬ್ಬರ ಕೈ ಬೇಕು ಎಂದು ಆಕೆ ಮರಾಠಿಯಲ್ಲಿ ತಿಳಿಸಿ ಹೇಳಿದ್ದಳು. ಶಿವಗಂಗವ್ವ ಕೇಳಿದ್ದು ಒಂದೇ ಮಾತು: ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು ಲಿಂಗಪೂಜೆ ಮಾಡಲು ಆಗುತ್ತದೆಯೇ? ಸಣ್ಣವಳಿದ್ದಾಗಿನಿಂದ ಆಕೆಯ ದಿನ ಶುರುವಾಗುವುದು ಹಾಗೆ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು. "ತಪ್ಪಿಸದೆ ಬಂದರೆ ಖಂಡಿತ ಕೂರುತ್ತೀರಿ ಕಾಕೂ. ಆದರೆ ಮೂಳೆ ಕೂಡಿದ ಮೇಲೆ ಮೊದಲ ಕೆಲವು ತಿಂಗಳೇ ಮುಖ್ಯ" ಎಂದಿದ್ದಳು ಇಂದೂತಾಯಿ.

ಅದಕ್ಕಾಗಿಯೇ ಈ ಕಾರು. ಸಣ್ಣದು, ಪೆಟ್ರೋಲ್ ಕಡಿಮೆ ಕುಡಿಯುವಂಥದ್ದು, ದಿನಾ ತೆಗೆದರೂ ಕೈ ಸುಡದಂಥದ್ದು. ಬೂದು ಬಣ್ಣದ್ದೇ ಇರಲಿ ಎಂದು ಮಗಳು ರೇಣು ಆರಿಸಿಯೂ ಆಗಿತ್ತು.

ಅಷ್ಟರಲ್ಲಿ ಕನ್ನಡ ಸಂಘದ ಅಧ್ಯಕ್ಷ ಈರಬಸಪ್ಪ ಮನೆಗೆ ಬಂದ. ಚಹಾ ಕುಡಿದು, ಬಸಿಯನ್ನು ಕೆಳಗಿಟ್ಟು, "ಏನಪಾ ಸಿದ್ದಲಿಂಗಪ್ಪ, ಕಾರು ತಗೊಳ್ಳಾಕತ್ತೀಯಂತ?" ಎಂದ.

"ಹೌದ್ರಿ ಕಾಕಾ. ಸಣ್ಣದು. ಈಕಿ ಕಾಲಿನ ಸಲುವಾಗಿ."

"ಛಲೋ ಆತು. ಆದರ ನೋಡು, ಶ್ರಾವಣಕ್ಕ ಅಜ್ಜಾರು ಬರ್ತಾರ. ಸ್ಟೇಷನ್ನಿಗೆ ಯಾರ ಗಾಡಿ ಹೋಗಬೇಕಂತ ಕಮಿಟಿಯೊಳಗ ಮಾತು ನಡದದ. ನಾ ನಿನ್ನ ಹೆಸರು ಹೇಳೂಣಂತ ಮಾಡಿದ್ದೆ." ಅಜ್ಜಾರು ಎಂದರೆ ಅವರ ಊರ ಕಡೆಯ ಮಠದ ಸ್ವಾಮಿಗಳು. ಈರಬಸಪ್ಪ ಹಲ್ಲಿನ ಸಂದಿಯಲ್ಲಿ ನಾಲಿಗೆ ಆಡಿಸಿ, "ಅಂಥಾ ಡಬ್ಬಿಯೊಳಗ ಅಜ್ಜಾರನ್ನ ಹೆಂಗ ಕುಂಡ್ರಸ್ತಿ? ಮಂದಿ ನಗೂದಿಲ್ಲೇನು?" ಎಂದ.

ಎದ್ದು ಹೋಗುವಾಗ ಹೇಳಿಹೋದ ಗಾಡಿ ಬೇರೆ. ಎತ್ತರದ ದೊಡ್ಡ ಪಿಕಪ್. ಮುಂದೆ ಎರಡು ಸಾಲು ಸೀಟು, ಹಿಂದೆ ಮಾಲು ಹೇರಲು ತೆರೆದ ತೊಟ್ಟಿ, ಎಮ್ಮೆಯ ಮೋರೆಯಂಥ ಮೂತಿ. ಡೀಸೆಲ್ ಎಷ್ಟು ಕುಡಿಯುತ್ತದೆ ಎಂದು ಯಾರೂ ಕೇಳಲಿಲ್ಲ.

"ನಿಮಗೇನು ತಲಿ ಕೆಟ್ಟದೇನ್ರಿ?" ಎಂದು ಶಿವಗಂಗವ್ವ ಆ ಸಂಜೆ, ಆ ಪಿಕಪ್ಪನ್ನೇ ತರುತ್ತೇನೆ ಎಂದ ಗಂಡನನ್ನು ಕೇಳಿಯೇ ಕೇಳಿದಳು.

ಸಿದ್ದಲಿಂಗಪ್ಪ ಸಿಟ್ಟಾಗಲಿಲ್ಲ. ಆಗಿದ್ದರೆ ಆಕೆಗೆ ಉತ್ತರಿಸುವುದು ಸುಲಭವಿತ್ತು. "ಶಿವಗಂಗಾ, ನಿನಗ ಗೊತ್ತಿಲ್ಲದ್ದೇನದ? ಮಂದಿ ಅಂಗಡ್ಯಾಗ ಚೀಲದ ಮ್ಯಾಲ ಮಲಗಿ ದೊಡ್ಡಾವ ಆದಾಂವ ನಾ. ಸಂಘದಾಗ ಇವತ್ತಿಗೂ ಖುರ್ಚಿ ಜೋಡ್ಸಾಕ ನನ್ನ ಕರೀತಾರ, ಕುಂಡ್ರಾಕ ಕರಿಯಂಗಿಲ್ಲ. ಒಮ್ಮೆ ಅಜ್ಜಾರು ನಮ್ಮ ಗಾಡಿ ಹತ್ತಿದ್ರಂದ್ರ ಹಿಂದಿಂದೆಲ್ಲಾ ತೊಳದು ಹೋಗ್ತದ. ಅದರಾಗೂ ಮುಂದಿನ ಸೀಟು ಅದ. ನಿನ್ನ ಕಾಲಿಗೆ ಇನ್ನೂ ಭಾಳ ಜಾಗ. ಹಿಂದ ಅಂಗಡಿ ಮಾಲೂ ಬರ್ತದ."

ಒಪ್ಪಿಗೆ ಕೇಳಿದ್ದರಲ್ಲವೇ ಆಕೆ ಒಪ್ಪುವುದು, ಬಿಡುವುದು.

ಪಿಕಪ್ ಬಂತು. ಹಾಗೆ ನೋಡಿದರೆ ಮೊದಲ ದಿನಗಳಲ್ಲಿ ಅವನ ಮಾತು ಸುಳ್ಳಾಗಲಿಲ್ಲ. ಒಂದು ಮರದ ಸ್ಟೂಲು ಇಟ್ಟು, ರೇಣುವಿನ ಹೆಗಲು ಹಿಡಿದು ಶಿವಗಂಗವ್ವ ಮುಂದಿನ ಸೀಟು ಹತ್ತುತ್ತಿದ್ದಳು. ಇಂದೂತಾಯಿಯ ಕೈಯಲ್ಲಿ ಅಯ್ಯೋ ಅಪ್ಪಾ ಎಂದು ಚೀರಿದರೂ ಮೊಣಕಾಲು ಸ್ವಲ್ಪ ಸ್ವಲ್ಪವೇ ಮಡಚತೊಡಗಿತು. ಶ್ರಾವಣ ಬರುವ ಹೊತ್ತಿಗೆ ಖುರ್ಚಿಯ ಮೇಲೆ ಕೂತಾಗ ಪಾದ ಹೆಚ್ಚುಕಡಿಮೆ ನೆಲ ಮುಟ್ಟುತ್ತಿತ್ತು.

ಶ್ರಾವಣದಲ್ಲಿ ಸ್ವಾಮಿಗಳು ಬಂದರು. ಪಿಕಪ್ಪಿಗೆ ಚೆಂಡುಹೂವಿನ ಮಾಲೆ ಬಿತ್ತು. ಸಿದ್ದಲಿಂಗಪ್ಪ ಬಿಳಿ ರುಮಾಲು ಸುತ್ತಿಕೊಂಡು ಸ್ಟೇಷನ್ನಿನಿಂದ ನಿಗಡಿಯವರೆಗೆ ಬೆವರುತ್ತ ಗಾಡಿ ಓಡಿಸಿದ. ಪಕ್ಕದ ಸೀಟಿನಲ್ಲಿ ಸ್ವಾಮಿಗಳು ಹೊರಗೆ ನೋಡುತ್ತ ಕೂತಿದ್ದರು. ಪ್ರವಚನ ಮುಗಿಸಿ ಅವರು ಊರಿಗೆ ಹೊರಟ ದಿನವೇ ಸಿದ್ದಲಿಂಗಪ್ಪನನ್ನು ಕಮಿಟಿಗೆ ತೆಗೆದುಕೊಂಡರು.

ಮರುದಿನ ದವಾಖಾನೆಯ ಪಾಳಿ. ಶಿವಗಂಗವ್ವ ಸ್ಟೂಲು ಇಡಿಸಿಕೊಂಡು ಮುಂದಿನ ಬಾಗಿಲು ತೆಗೆದರೆ ಸೀಟಿನ ತುಂಬ ಹೊಸ ಕಾವಿ ಬಟ್ಟೆ ಹೊದಿಸಿತ್ತು, ನಾಲ್ಕೂ ಮೂಲೆಗೆ ಗಂಟು ಹಾಕಿತ್ತು.

"ಅಲ್ಲಿ ಬ್ಯಾಡ" ಎಂದ ಸಿದ್ದಲಿಂಗಪ್ಪ.

"ಮತ್ತೆಲ್ಲಿ?"

"ಹಿಂದಿನ ಸಾಲಿನಾಗ ಕುಂಡ್ರು. ಅದು ಅಜ್ಜಾರು ಕುಂತ ಸೀಟು. ಇನ್ನ ಯಾರೂ ಕುಂಡ್ರಬಾರದಂತ ಈರಬಸಪ್ಪ ಕಾಕಾನೂ ಹೇಳ್ಯಾರ."

ಹಿಂದಿನ ಸಾಲಿನ ಬಾಗಿಲು ಕಿರಿದು. ಇನ್ನೂ ಪೂರ್ತಿ ಮಡಚದ ಕಾಲನ್ನು ಅದರಲ್ಲಿ ತಿರುಗಿಸಿ ಒಳಗೆ ತರುವುದು ಆಗದ ಮಾತು. ಆಕೆ ಒಮ್ಮೆ ಪ್ರಯತ್ನಿಸಿದಳು, ಇನ್ನೊಮ್ಮೆ ಪ್ರಯತ್ನಿಸಿ ಚೀರಿದಳು. ಆಫೀಸಿಗೆ ಹೊರಟಿದ್ದ ರೇಣು ಬ್ಯಾಗು ಬಿಸಾಕಿ ಓಡಿಬಂದಳು.

"ಅಪ್ಪಾ, ನಮ್ಮ ಧರ್ಮದಾಗ ಮೈಲಿಗಿ ಇಲ್ಲ, ಸೂತಕ ಇಲ್ಲ ಅಂತ ಸಂಘದಾಗ ನೀವ ಭಾಷಣ ಮಾಡ್ತೀರಿ. ನಮ್ಮವ್ವ ಕುಂತ್ರ ಸೀಟಿಗೆ ಏನ್ ಹತ್ತತದ?"

"ಮೈಲಿಗಿ ಅಂತ ಯಾರಂದ್ರು? ಇದು ಭಕ್ತಿ."

"ಹಂಗಾದ್ರ ಬಾಡಿಗಿ ಕಾರರ ತರಸ್ರಿ."

"ಮನಿ ಮುಂದ ಇಷ್ಟ ದೊಡ್ಡ ಗಾಡಿ ನಿಂತಿರಬೇಕಾದ್ರ ಬಾಡಿಗಿ ಕಾರು? ಮಂದಿ ಏನಂದಾರು! ರಿಕ್ಷಾದಾಗ ಎಲ್ಲಾರೂ ಹೋಗ್ತಾರ, ಹೋಗಲಿ."

ಹೀಗೆ ಪಂಢರಿನಾಥನ ರಿಕ್ಷಾ ಬಂತು. ಪಂಢರಿನಾಥ ಒಳ್ಳೆಯವನೇ, ತಗ್ಗು ಬಂದಾಗಲೆಲ್ಲ "ಸಾಂಭಾಳಾ, ಕಾಕೂ" ಎಂದು ಜೋಪಾನ ಹೇಳುತ್ತಿದ್ದ. ಆದರೆ ಅಗೆದ ರಸ್ತೆಗೆ ಅವನೇನು ಮಾಡಿಯಾನು? ಸೀಟಿನ ಮೇಲೆ ಅಡ್ಡಕ್ಕೆ ಚಾಚಿದ ಕಾಲು ಪ್ರತಿ ತಗ್ಗಿಗೂ ಎಗರಿ ಬೀಳುತ್ತಿತ್ತು. ಮೂರನೆಯ ವಾರ ಮೊಣಕಾಲು ಬಾತು ಕೆಂಪಗಾಯಿತು. ಊತ ಇಳಿಯಲಿ, ಆಮೇಲೆ ಹೋಗುತ್ತೇನೆ ಎಂದು ಶಿವಗಂಗವ್ವ ಮನೆಯಲ್ಲೇ ಉಳಿದಳು. ಊತ ಇಳಿದಾಗ ರಿಕ್ಷಾದ ನೆನಪಿಗೇ ಕಣ್ಣಲ್ಲಿ ನೀರು ಬರುತ್ತಿತ್ತು. ಗಣಪತಿ ಹಬ್ಬ ಮುಗಿಯಲಿ ಎಂದಳು. ಮಳೆ ನಿಲ್ಲಲಿ ಎಂದಳು. ಯಾರೂ ಒತ್ತಾಯ ಮಾಡಲಿಲ್ಲ. ರೇಣು ಬೆಳಿಗ್ಗೆ ಪುಣೆಯ ಇನ್ನೊಂದು ತುದಿಯ ಖರಾಡಿಯ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ.

ಪಿಕಪ್ಪಿನ ಸುದ್ದಿ ಕೇಳುವಿರಾ? ಸ್ವಾಮಿಗಳು ಕೂತ ಗಾಡಿಯಲ್ಲಿ ಮೆಣಸಿನಕಾಯಿ ಹೇರುವುದು ಹೇಗೆ ಎಂದು ಅಂಗಡಿಯ ಮಾಲು ಬಾಡಿಗೆ ಟೆಂಪೋದಲ್ಲಿ ಬರತೊಡಗಿತು. ಮೇಲಾಗಿ ಡೀಸೆಲ್ಲಿನ ಖರ್ಚು ಕಂಡು ಸಿದ್ದಲಿಂಗಪ್ಪನೇ ಹೆದರಿದ್ದ. ಸಂಘದ ಸಭೆಯ ದಿನ ಮಾತ್ರ ಗಾಡಿ ಹೊರಬೀಳುತ್ತಿತ್ತು. ಮುಂದಿನ ಸೀಟು ಖಾಲಿ, ಹಿರಿಯರೆಲ್ಲ ಹಿಂದಿನ ಸಾಲಿನಲ್ಲಿ ಒತ್ತಿಕೊಂಡು. ಉಳಿದ ದಿನ ಮೈತುಂಬ ಹೊದಿಕೆ ಹೊದ್ದು ಅಂಗಳದಲ್ಲಿ ಸುಖವಾಗಿ ನಿಂತಿರುತ್ತಿತ್ತು. ಕಿಟಕಿಯ ಬಳಿ ಕಾಲು ಚಾಚಿ ಕೂತ ಶಿವಗಂಗವ್ವನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ದಸರೆಯ ಮುಂದೆ ರೇಣು ರಜೆ ಹಾಕಿ, ಅಪ್ಪನನ್ನು ಕೇಳದೆ ಬಾಡಿಗೆ ಕಾರು ತರಿಸಿ ಅವ್ವನನ್ನು ಕರೆದೊಯ್ದಳು. ಇಂದೂತಾಯಿ ಕಾಲನ್ನು ಹಿಡಿದು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಆಮೇಲೆ ಡಾಕ್ಟರನ್ನೇ ಕರೆದಳು. ಒಳಗೆಲ್ಲ ಬಿಗಿದುಕೊಂಡುಬಿಟ್ಟಿದೆ, ಮತ್ತೆ ಕೊಯ್ದರೂ ಬಿಡುವ ಭರವಸೆ ಇಲ್ಲ ಎಂದರು ಅವರು.

"ಪೂಜೆಗೆ ಕೂರುವುದು?" ಎಂದು ಶಿವಗಂಗವ್ವ ಮರಾಠಿಯಲ್ಲೇ ಕೇಳಿದಳು.

"ಖುರ್ಚಿಯ ಮೇಲೆ ಮಾಡಿ, ಕಾಕೂ" ಎಂದಳು ಇಂದೂತಾಯಿ, ಮುಖ ಎತ್ತದೆ.

ಮನೆಗೆ ಬಂದು ಹೇಳಿದಾಗ ಸಿದ್ದಲಿಂಗಪ್ಪ, "ಎಲ್ಲಾ ಶಿವನ ಇಚ್ಛಾ" ಎಂದ. ಶಿವಗಂಗವ್ವನಿಗೆ ಹುಟ್ಟಿದಾಗಿನಿಂದ ಬಾರದಂಥ ಸಿಟ್ಟು ಬಂತು. "ಶಿವನ್ನ ಯಾಕ ನಡುವ ತರ್ತೀರಿ? ಅಂವೇನು ಸೀಟಿಗೆ ಬಟ್ಟಿ ಕಟ್ಟಿದ್ನೇನು?" ಎಂದಳು. ಅಂದಿನಿಂದ ಗಂಡನೊಡನೆ ಬೇಕಾದಷ್ಟೇ ಮಾತು. ಪೂಜೆಯ ಚಾಪೆಯನ್ನು ಸುತ್ತಿ ಕಪಾಟಿನ ಮೇಲೆ ಹಾಕಿದಳು. ಬೆಳಿಗ್ಗೆ ಪ್ಲಾಸ್ಟಿಕ್ ಖುರ್ಚಿಯಲ್ಲಿ, ಒಂದು ಕಾಲು ಮುಂದಕ್ಕೆ ಚಾಚಿಕೊಂಡು ಲಿಂಗವನ್ನು ಅಂಗೈಗೆ ತೆಗೆದುಕೊಂಡರೆ ಮನಸ್ಸು ನಿಲ್ಲುತ್ತಿರಲಿಲ್ಲ, ಕಣ್ಣು ಆ ಕಾಲಿನ ಮೇಲೇ ಹೋಗುತ್ತಿತ್ತು.

ಮರುವರ್ಷದ ಶ್ರಾವಣಕ್ಕೆ ಸ್ವಾಮಿಗಳು ಮತ್ತೆ ಬಂದರು. ಸೋಲಾಪುರದ ಭಕ್ತರೇ ಕರೆತಂದು ನಿಗಡಿಯ ಸಂಘದ ಮನೆಯಲ್ಲಿ ಇಳಿಸಿ ಹೋದದ್ದರಿಂದ, ಕೊನೆಯ ದಿನ ಸ್ಟೇಷನ್ನಿಗೆ ಮುಟ್ಟಿಸುವ ಪಾಳಿ ಪಿಕಪ್ಪಿಗೆ ಬಂತು. ಒಗೆದು ಇಸ್ತ್ರಿ ಮಾಡಿದ ಕಾವಿ ಬಟ್ಟೆ, ಹೂವಿನ ಮಾಲೆ, ಎಲ್ಲ ಸಿದ್ಧ. ಬಾಗಿಲಲ್ಲಿ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಶಿವಗಂಗವ್ವ ಪಂಢರಿನಾಥನ ರಿಕ್ಷಾದಲ್ಲಿ ಬಂದು ಅವರ ಕೊನೆಯಲ್ಲಿ ಕೋಲು ಊರಿ ನಿಂತಿದ್ದಳು.

ಸ್ವಾಮಿಗಳು ಹೊರಗೆ ಬಂದರು. ಅವರ ಕೈಯಲ್ಲೂ ಈ ಸಲ ಒಂದು ಕೋಲಿತ್ತು. ಎಲ್ಲರೂ ಬಾಗಿ ಪಾದ ಮುಟ್ಟಿದರು. ಶಿವಗಂಗವ್ವ ನಿಂತಲ್ಲೇ ಕೈಮುಗಿದಳು.

"ಬಗ್ಗಿ ನಮಸ್ಕಾರ ಮಾಡಬೇಕವಾ" ಎಂದ ಈರಬಸಪ್ಪ.

"ಇರಲಿ ಬಿಡ್ರಿ" ಎಂದರು ಸ್ವಾಮಿಗಳು. ನಿಧಾನವಾಗಿ ಪಿಕಪ್ಪಿನ ಹತ್ತಿರ ಹೋಗಿ, ತೆರೆದ ಬಾಗಿಲನ್ನೂ ಅದರ ಎತ್ತರದ ಮೆಟ್ಟಿಲನ್ನೂ ನೋಡಿದರು. "ಸಿದ್ದಲಿಂಗಪ್ಪ, ಬ್ಯಾಸರ ಮಾಡಕೋಬ್ಯಾಡಪಾ. ಹೋದ ವರ್ಷ ಇದನ್ನ ಹತ್ತಿ ಇಳದು ನಮ್ಮ ಮೊಣಕಾಲು ಎಂಟು ದಿನ ಬಾತಿದ್ವು. ಯಾರದರ ಸಣ್ಣ ಕಾರು ಇದ್ರ ನೋಡ್ರಿ. ನಮಗ ಅದ ಆರಾಮ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈರಬಸಪ್ಪನೇ ಬಾಯಿಬಿಟ್ಟ. "ಅಜ್ಜಾರ, ಇದು ನೀವು ಕುಂತ ಸೀಟ್ರಿ. ವರ್ಷಾತು, ಇದರ ಮ್ಯಾಲ ಒಬ್ಬರನ್ನೂ ಕುಂಡ್ರಿಸಿಲ್ಲ."

"ಯಾಕ?" ಎಂದರು ಸ್ವಾಮಿಗಳು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಸಿದ್ದಲಿಂಗಪ್ಪ ರುಮಾಲು ಸರಿಮಾಡಿಕೊಂಡ. ಆಗ ಹಿಂದಿನಿಂದ ಶಿವಗಂಗವ್ವನ ದನಿ ಬಂತು. ಜೋರಾಗಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

"ನಾ ಕುಂಡ್ರಬಾರದಂತ್ರಿ. ಅದರಾಗ ಕುಂತು ದವಾಖಾನಿಗೆ ಹೋಗಿದ್ರ ನನ್ನ ಕಾಲು ಮಡಚತಿತ್ರಿ. ನಿಮಗ ಬಗ್ಗಿ ನಮಸ್ಕಾರ ಮಾಡತಿದ್ನ್ರಿ."

ಸ್ವಾಮಿಗಳು ಆಕೆಯ ಕಾಲು ನೋಡಿದರು, ಕಾವಿ ಬಟ್ಟೆ ನೋಡಿದರು. ಆಕೆಯ ಕಡೆ ತಿರುಗಿ ಕೈಮುಗಿದರು. ಬ್ಯಾಂಕಿನಲ್ಲಿ ಗುಮಾಸ್ತನಾದ ಚನ್ನವೀರ ತನ್ನ ಹಳೆಯ ಸಣ್ಣ ಕಾರು ತಂದು ನಿಲ್ಲಿಸಿದ. ಸ್ವಾಮಿಗಳು ಅದರಲ್ಲಿ ಕೂತು ಹೊರಟುಹೋದರು.

ಮಂದಿ ಚದುರತೊಡಗಿದರು. ಈರಬಸಪ್ಪ ಸಿದ್ದಲಿಂಗಪ್ಪನಿಗೆ ಮುಖ ಕೂಡ ತೋರಿಸದೆ ಹೋದ. ಶಿವಗಂಗವ್ವ ಕೋಲು ಊರುತ್ತ ರಿಕ್ಷಾದ ಕಡೆ ಹೆಜ್ಜೆ ಹಾಕಿದಳು. ಆಡಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ.

"ಶಿವಗಂಗಾ."

ತಿರುಗಿ ನೋಡಿದಳು. ಸಿದ್ದಲಿಂಗಪ್ಪ ಕಾವಿ ಬಟ್ಟೆಯ ಗಂಟುಗಳನ್ನು ಬಿಚ್ಚುತ್ತಿದ್ದ. ಕೊನೆಯದು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಎಳೆದ. ಬಟ್ಟೆಯನ್ನು ಮಡಚಿ ಹಿಂದಿನ ಸೀಟಿಗೆ ಹಾಕಿ, ಬಾಗಿಲು ಹಿಡಿದು ನಿಂತ. "ಬಾ, ಕುಂಡ್ರು" ಎಂದ.

ಬೇಡ ಎನ್ನಬೇಕೆಂದು ಆಕೆಗೆ ಬಹಳ ಅನ್ನಿಸಿತು. ಆದರೆ ಅಷ್ಟು ಹೊತ್ತು ನಿಂತ ಕಾಲು ನೋಯುತ್ತಿತ್ತು, ಮನೆಗೆ ಹೋಗಬೇಕಿತ್ತು. ಬಂದು ಅವನ ಹೆಗಲು ಹಿಡಿದು, ಹೇಗೋ ಮೇಲೇರಿ ಸೊಂಟ ಊರಿದಳು. ಸಂಘದ ಅರ್ಧ ಮಂದಿ ಇನ್ನೂ ಗೇಟಿನಲ್ಲಿ ನೋಡುತ್ತಿದ್ದರು. ಸಿದ್ದಲಿಂಗಪ್ಪ ರುಮಾಲು ತೆಗೆದು ಕಂಕುಳಲ್ಲಿ ಇರುಕಿಕೊಂಡು, ಬಗ್ಗಿ, ಆಕೆಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದ. ರೂಢಿಯಿಲ್ಲದ ಕೈ, ಮೊಣಕಾಲನ್ನು ಬಗ್ಗಿಸಿ ಒಳಗೆ ಇಡಲು ಹೋದ.

"ಸಾವಕಾಶ್ರಿ" ಎಂದಳು ಶಿವಗಂಗವ್ವ. "ಅದು ಮಡಚೂದಿಲ್ಲ."