ಇಲ್ಲದ ತಮ್ಮನ ಕಾಯಿಲೆ

ಮಗ್ಗಿಯ ನಡುವೆ, ಹದಿನೇಳೆಂಟ್ಲ ಎನ್ನುವಲ್ಲಿ ಅವನ ನಾಲಿಗೆ ತಡವರಿಸಿತು. ಅಷ್ಟೇ ಸಾಕಾಯಿತು. ಹೆಂಡತಿ ಬಚ್ಚಲ ಬಾಗಿಲು ದೂಡಿಕೊಂಡು ಒಳಬಂದಳು.

ಮೈತುಂಬ ಸೋಪಿನ ನೊರೆ ಹೊತ್ತು ಅವನು ನಿಂತೇ ಇದ್ದ.

“ದನಿ ನಿಂತುಹೋಯ್ತು,” ಎಂದಳು.

“ಮರೆತುಹೋಯ್ತು, ಅಷ್ಟೆ.”

“ಗಣಿತದ ಮೇಷ್ಟ್ರಿಗೆ ಮಗ್ಗಿ ಮರೆತುಹೋಗುತ್ತಾ?”

ಕಳೆದ ಸಲ ಅವನು ಬಿದ್ದದ್ದು ಇಲ್ಲಿಯೇ. ಬಾಗಿಲೊಡೆದು ಹೊರಗೆಳೆದಿದ್ದರು. ಆಮೇಲೆ ಅಗುಳಿ ಹಾಕಿಸಲಿಲ್ಲ. ಸ್ನಾನ ಮುಗಿಯುವ ತನಕ ಅವನು ಮಗ್ಗಿ ಹೇಳುತ್ತಿರಬೇಕು, ಅವಳು ಹೊರಗೆ ನಿಂತು ಕೇಳುತ್ತಿರಬೇಕು. ಇದು ಅಕ್ಕರೆಯೋ ಪಹರೆಯೋ ಎಂದು ಅವನು ಕೇಳಿಕೊಳ್ಳುವುದನ್ನೂ ಬಿಟ್ಟಿದ್ದ.

“ಮಾತ್ರೆ ತನ್ನ ಕೈಲಾದ್ದನ್ನ ಮಾಡ್ತಿದೆ, ಬಿಡಬೇಡಿ,” ಎಂದಿದ್ದರು ಡಾಕ್ಟರು. “ಆದ್ರೆ ನಿಮಗೀಗ ಅದೊಂದೇ ಸಾಲದು, ನಾಲ್ಕು ಜನ ಬೇಕು. ಮೂರ್ಛೆರೋಗ ಇರೋರೇ ಶನಿವಾರ ಒಂದು ಕಡೆ ಸೇರ್ತಾರೆ. ಹೋಗಿ, ಬಾಯಿಬಿಟ್ಟು ಮಾತಾಡಿ.”

ಶನಿವಾರ ಹೊರಡುವಾಗ ಹೆಂಡತಿಯೂ ಚಪ್ಪಲಿ ಮೆಟ್ಟಿದಳು.

“ನೀನ್ಯಾಕೆ?”

“ದಾರೀಲಿ ಏನಾದ್ರೂ...”

“ಬಿದ್ರೆ ನೋಡೋಕೆ ಊರ ತುಂಬ ಜನ ಇದಾರೆ.”

ಅವಳು ಚಪ್ಪಲಿ ಬಿಟ್ಟಳು.

ಟೈಪಿಂಗ್ ಶಾಲೆಯ ಮೇಲಿನ ಕೋಣೆ. ಮೇಜುಗಳನ್ನೆಲ್ಲ ಗೋಡೆಗೆ ಒತ್ತಿ, ನಡುವೆ ದುಂಡಗೆ ಕುರ್ಚಿ ಹಾಕಿದ್ದರು. ಆ ಶನಿವಾರದ ಕೂಟ ನಡೆಸುವ ದಪ್ಪನೆಯ ಹೆಂಗಸು ಎಲ್ಲರ ಬಾಯಲ್ಲೂ ದೊಡ್ಡಮ್ಮ. ಅವನಿಗೆ ಸಿಕ್ಕಿದ್ದು ಬಟ್ಟೆ ಅಂಗಡಿಯ ಹುಡುಗಿಯೊಬ್ಬಳ ಪಕ್ಕದ ಕುರ್ಚಿ.

“ಗಾಜಿನ ಹಿಂದೆ ಗೊಂಬೆಗಳಿಗೆ ಬಟ್ಟೆ ತೊಡಿಸ್ತಿದ್ದೆ,” ಆ ಹುಡುಗಿ ಹೇಳುತ್ತಿದ್ದಳು. “ಅವುಗಳ ಮೇಲೇ ಬಿದ್ದೆ. ಯಜಮಾನ ಎದ್ನೋ ಬಿದ್ನೋ ಅಂತ ಓಡಿಬಂದ. ಬಂದು ಮೊದ್ಲು ಗೊಂಬೆಗಳನ್ನ ಎತ್ತಿದ.”

ಎಲ್ಲರೂ ಗೊಳ್ಳೆಂದರು.

“ನಿನ್ನ ಥರ ಅವು ಎದುರುತ್ತರ ಕೊಡಲ್ವಲ್ಲ, ಅದಕ್ಕೆ,” ಎಂದ ಎದುರಿಗಿದ್ದ ಬೋಳುತಲೆಯವನು. ಹುಡುಗಿ ಇನ್ನಷ್ಟು ನಕ್ಕಳು. ಆ ನಗುವಿನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು.

“ಹೊಸಬರು, ಕಾಲೇಜು ಮೇಷ್ಟ್ರು,” ಎಂದಳು ದೊಡ್ಡಮ್ಮ. “ನೀವು ಹೇಳಿ.”

“ನನಗಲ್ಲ,” ಎಂದುಬಿಟ್ಟ. “ನನ್ನ ತಮ್ಮನಿಗೆ.”

“ಕರ್ಕೊಂಡು ಬರಬಾರ್ದಿತ್ತಾ?”

“ಅವನು ಎಲ್ಲಿಗೂ ಬರಲ್ಲ. ನಾಚಿಕೆ.”

ಅವನಿಗೆ ತಮ್ಮನೇ ಇರಲಿಲ್ಲ. ಆ ಇಲ್ಲದ ತಮ್ಮನ ವಿಷಯದಲ್ಲಿ ಮಾತು ಮಾತ್ರ ನೀರು ಹರಿದಂತೆ ಹರಿಯಿತು. ಬೀಳುವುದಕ್ಕೆ ತಮ್ಮ ಹೆದರುವುದಿಲ್ಲ. ಎಚ್ಚರವಾದಾಗ ಮೇಲೆ ಬಗ್ಗಿರುವ ಮುಖಗಳಿಗೆ ಹೆದರುತ್ತಾನೆ. ಆ ಕಣ್ಣುಗಳೆಲ್ಲ ಏನನ್ನೋ ನೋಡಿಬಿಟ್ಟಿರುತ್ತವೆ, ಅದೇನೆಂದು ಅವನೊಬ್ಬನಿಗೇ ಗೊತ್ತಿರುವುದಿಲ್ಲ. ಬೋಳುತಲೆಯವನು ತಲೆದೂಗುತ್ತಿದ್ದ. ತಮ್ಮನಲ್ಲ, ನಾನೇ: ಇಷ್ಟು ಹೇಳಿದರೆ ಮುಗಿಯಿತು. ಮಾತು ತುಟಿಯವರೆಗೆ ಬಂದಿತ್ತು.

ಪಕ್ಕದಲ್ಲಿ ಹುಡುಗಿ ಬಿದ್ದಳು.

ಯಾರೂ ಕೂಗಲಿಲ್ಲ. ಕುರ್ಚಿಗಳು ಹಿಂದೆ ಸರಿದವು. ಯಾರೋ ಸ್ವೆಟರು ಮಡಿಸಿ ತಲೆಯಡಿಗಿಟ್ಟರು. ದೊಡ್ಡಮ್ಮ ನೆಲದ ಮೇಲೆ ಕೂತು, ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ ಹೆಗಲ ಮೇಲೆ ಕೈಯಿಟ್ಟಳು. ಉಳಿದವರು ಸುತ್ತುವರಿದು ನಿಂತರು; ನಿಂತು, ಎಲ್ಲರೂ ಒಮ್ಮೆಗೇ ಹೊರಗಡೆಗೆ ಮುಖ ಮಾಡಿದರು. ಎದ್ದವರಿಗೆ ಕಣ್ಣುಗಳು ಕಾಣಬಾರದು, ಬೆನ್ನುಗಳಷ್ಟೇ ಕಾಣಬೇಕು. ಅದು ಅಲ್ಲಿನ ರೀತಿ. ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಸುತ್ತಿನ ಒಳಗೇ ಉಳಿದುಬಿಟ್ಟ.

ಅವನು ನೋಡಿದ. ಅದನ್ನು ಹೊರಗಿನಿಂದ ಕಂಡದ್ದು ಜೀವನದಲ್ಲಿ ಅದೇ ಮೊದಲು. ಸೆಟೆದ ಕತ್ತು, ಕಟವಾಯಿಯ ಜೊಲ್ಲು, ನೆಲ ಬಡಿಯುವ ಹಿಮ್ಮಡಿ, ಒದ್ದೆಯಾಗುತ್ತಿದ್ದ ಬಟ್ಟೆ. ಹೆಂಡತಿ ನೋಡುವುದು ಇದನ್ನು. ಹೇಸಿಗೆಯಾಯಿತು. ಹೇಸಿಗೆ ಯಾರ ಮೇಲೆಂದು ತಿಳಿಯಲಿಲ್ಲ. ಕಣ್ಣು ಕೀಳಲೂ ಆಗಲಿಲ್ಲ.

ಕೊನೆಗೆ ಮೈ ಸಡಿಲವಾಯಿತು. ಎಷ್ಟೋ ಹೊತ್ತಿನ ಮೇಲೆ ಹುಡುಗಿಯ ಮಂಕು ನೋಟ ಬೆನ್ನಿಂದ ಬೆನ್ನಿಗೆ ಅಲೆದು ಅವನ ಮುಖಕ್ಕೆ ಬಂದು ನಿಂತಿತು. ಅವಳ ಕೈ ತಡವಿ ತಡವಿ ಬಟ್ಟೆಯ ಅಂಚು ಎಳೆದುಕೊಂಡಿತು.

“ನೋಡಿದ್ರಾ?” ಎಂದಳು.

“ಇಲ್ಲ.”

“ಆ ಕಡೆ ತಿರುಗಿ, ಮೇಷ್ಟ್ರೇ,” ಎಂದಳು ದೊಡ್ಡಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ.

ತಿರುಗಿದ. ಹೆಗಲಿಗೆ ಹೆಗಲು ತಾಗಿಸಿ ನಿಂತವರ ನಡುವೆ ಕೈ ತೂರುವಷ್ಟೂ ಸಂದಿಯಿರಲಿಲ್ಲ. ಮೂಗಿನ ನೇರಕ್ಕೆ ಬೋಳುತಲೆಯವನ ಕಾಲರು. ಹಿಂದೆ ಹುಡುಗಿ ಸದ್ದಾಗದಂತೆ ಅಳುತ್ತಿದ್ದಳು.

ನನಗೂ ಇದೆ ಎಂದು ಅವನು ತುಟಿಯಾಡಿಸಿದ. ಬರೀ ಉಸಿರು ಹೊರಟು ಎದುರಿನ ಕತ್ತಿಗೆ ತಾಗಿತು. ಬೋಳುತಲೆಯವನು ನೊಣ ಕೂತಿತೇನೋ ಎಂಬಂತೆ ಕೈಯನ್ನು ಹಿಂದಕ್ಕೆ ತಂದು, ಕತ್ತನ್ನು ಒಮ್ಮೆ ಒರೆಸಿಕೊಂಡ.